ಪರದೆಯ ಹಿಂದಿನ ಪುನರ್ಪುಳಿ

ಕಲ್ಕತ್ತೆಗೆ ಹೋಗಿ ಬಂದವರು ದೊಡ್ಡ ಸೇತುವೆ ನೋಡಿದೆವು, ಕಾಳಿಯ ಗುಡಿ ನೋಡಿದೆವು, ಟ್ರಾಮು ಹತ್ತಿದೆವು ಅಂತ ಬರೆಯುತ್ತಾರೆ. ನಾನೂ ಅವನ್ನೆಲ್ಲ ನೋಡಿದ್ದೇನೆ. ಆದರೆ ಊರಿನಲ್ಲಿ ಯಾರಾದರೂ ‘ಹೇಗಿತ್ತು ಕಲ್ಕತ್ತೆ?’ ಎಂದು ಕೇಳಿದರೆ ನನಗೆ ಮೊದಲು ಬರುವುದು ಸಿಟ್ಟು, ಮಾತು ಆಮೇಲೆ. ಪಾಪ, ಆ ಊರಿನವರು ನನಗೆ ಏನೂ ಅನ್ಯಾಯ ಮಾಡಿಲ್ಲ, ಒಬ್ಬ ಪೊಲೀಸಿನವನನ್ನು ಬಿಟ್ಟರೆ. ಸಿಟ್ಟೆಲ್ಲ ನಮ್ಮವರ ಮೇಲೆಯೇ.

ಹೋದದ್ದು ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ. ನನ್ನ ತಂಗಿ ಶಾರದೆ ಮದುವೆಯಾಗಿ ಅಲ್ಲಿ ಬಾಲಿಗಂಜ್‌ನಲ್ಲಿದ್ದಳು. ಗಂಡ ಅನಂತ ರಾವ್ ಒಂದು ದೊಡ್ಡ ಕಂಪನಿಯಲ್ಲಿ ಅಧಿಕಾರಿ. ಅವಳು ಬರೆದಾಗಲೆಲ್ಲ ಕೊನೆಗೆ ಕೇಳುತ್ತಿದ್ದದ್ದು ಒಂದೇ: ಯಾರಾದರೂ ಬರುವವರಿದ್ದರೆ ಪುನರ್ಪುಳಿ ಕಳಿಸು. ತವರಿನ ನೆನಪಿಗೆ ಹುಡುಗಿ ಪುನರ್ಪುಳಿ ನೀರು ಕುಡಿದು ಕಣ್ಣೊರೆಸಿಕೊಳ್ಳುತ್ತಾಳೆ ಎಂದು ನಾವೆಲ್ಲ ಮರುಗಿದ್ದೆವು. ಆ ಸಲ ನಾನೇ ಆ ಕೆಂಪು ಹುಳಿಹಣ್ಣಿನ ಒಣಗಿಸಿದ ಸಿಪ್ಪೆಯನ್ನು ಹಳೆಯ ಪಂಚೆಯಲ್ಲಿ ಗಂಟು ಕಟ್ಟಿಕೊಂಡು ಹೊರಟೆ.

ಹೌರಾ

ಮದರಾಸಿನಲ್ಲಿ ಹತ್ತಿದ ರೈಲು ಹೌರಾದಲ್ಲಿ ಇಳಿಸುವಷ್ಟರಲ್ಲಿ ನಾನು ಎಷ್ಟು ಸಲ ಬೆವರಿನಲ್ಲಿ ನೆಂದು ಒಣಗಿದ್ದೆನೋ ಲೆಕ್ಕವಿಲ್ಲ. ನಮ್ಮ ಉಡುಪಿಯಲ್ಲೂ ಸೆಕೆ ಉಂಟು. ಆದರೆ ಅಲ್ಲಿ ಸಂಜೆಯಾಗುತ್ತಲೇ ಕಡಲಿನ ಕಡೆಯಿಂದ ಒಂದು ಗಾಳಿ ಬಂದು ಸಮಾಧಾನ ಹೇಳಿ ಹೋಗುತ್ತದೆ. ಕಲ್ಕತ್ತೆಯ ಸೆಕೆಗೆ ಹೇಳುವವರು ಕೇಳುವವರು ಇಲ್ಲ.

ಕೂಲಿಯವನು ನನ್ನ ನೀರಿನ ಹೂಜಿಯನ್ನು ಪುನರ್ಪುಳಿ ಗಂಟಿನ ಮೇಲೆಯೇ ಕುಕ್ಕಿದ. ಹೂಜಿ ಒಡೆಯಿತು, ನೀರು ಗಂಟಿನೊಳಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ಬಿಳಿ ಪಂಚೆಯಿಂದ ಕೆಂಪು ನೀರು ತೊಟ್ಟಿಕ್ಕಲು ಶುರುವಾಗಿ ಪ್ಲಾಟ್‌ಫಾರಮ್ಮಿನ ಮೇಲೆ ಸಣ್ಣ ಹೊಳೆಯ ಹಾಗೆ ಹರಿಯಿತು. ಬಾಂಬು, ಚೂರಿ ಅಂತ ದಿನವೂ ಸುದ್ದಿಯಾಗುತ್ತಿದ್ದ ಕಾಲ ಅದು. ಒಂಟಿ ಹೆಂಗಸು, ಕೆಂಪು ಸೋರುವ ಗಂಟು. ಜನ ಸೇರದೆ ಇರುತ್ತಾರೆಯೇ? ಒಬ್ಬ ಪೊಲೀಸಿನವನು ಬಂದು ಲಾಠಿಯ ತುದಿಯಿಂದ ಗಂಟನ್ನು ಮುಟ್ಟಿ ಬಿಚ್ಚು ಎಂದ. ಬಿಚ್ಚಿದೆ. ಒಳಗಿದ್ದ ಒದ್ದೆ ಸಿಪ್ಪೆ ನೋಡಿ ಅವನಿಗೆ ಇನ್ನೂ ಅನುಮಾನ ಹೆಚ್ಚಾಯಿತು. ನಾನು ನನಗೆ ಬರುತ್ತಿದ್ದ ನಾಲ್ಕು ಹಿಂದಿ ಮಾತುಗಳನ್ನೆಲ್ಲ ಖರ್ಚು ಮಾಡಿ, ಇದು ಹುಳಿ, ತಿನ್ನುವ ಹುಳಿ, ಎಂದು ಬಾಯಿಗೆ ಕೈ ಸನ್ನೆ ಮಾಡಿದೆ. ಅವನು ಒಂದು ಸಿಪ್ಪೆಯನ್ನು ಬಾಯಿಗೆ ಹಾಕಿ ಕಚ್ಚಿದ. ಮುಖವೆಲ್ಲ ಮುದುಡಿ ಕಣ್ಣಲ್ಲಿ ನೀರು ಬಂತು. ಆಮೇಲೆ ಏನು ಮಾಡಿದ ಗೊತ್ತೇ? ಇನ್ನೊಂದು ಹಿಡಿ ತೆಗೆದು ಜೇಬಿಗೆ ಹಾಕಿಕೊಂಡು, ಹೋಗು ಎಂದು ಕೈ ಬೀಸಿದ.

ಜನ ಕರಗಿದ ಮೇಲೆ ಕಂಬದ ಆಚೆಯಿಂದ ನನ್ನ ತಂಗಿಯ ಗಂಡ ಬಂದರು. ಕೊರಳಿಗೆ ಟೈ, ಕಾಲಿಗೆ ಮಿರುಗುವ ಬೂಟು. ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು ತಡವಾಯಿತು ಅಕ್ಕ, ಈಗಷ್ಟೇ ಬಂದೆ ಎಂದರು. ನಾನು ಗಂಟು ಬಿಚ್ಚುವಾಗಲೇ ಆ ಬೂಟುಗಳನ್ನು ಕಂಬದ ಪಕ್ಕದಲ್ಲಿ ಕಂಡಿದ್ದೆ. ಗುಂಪಿನ ನಡುವೆ ಬಂದು ‘ಇವರು ನಮ್ಮವರು’ ಎನ್ನುವುದಕ್ಕೆ ನಾಚಿಕೆಯಾಗಿತ್ತು, ಅಷ್ಟೆ.

ನಮ್ಮ ಅಜ್ಜಿ ಸಿಟ್ಟು ಬಂದರೆ ದನಿ ಎತ್ತುತ್ತಿರಲಿಲ್ಲ, ಮರ್ಯಾದೆ ಹೆಚ್ಚಿಸುತ್ತಿದ್ದಳು. ನಾನು ಮಾತು ಕಲಿತದ್ದು ಅವಳ ಕೈಯಲ್ಲಿ. ಅದುವರೆಗೆ ಅನಂತ ಅನಂತ ಎಂದು ಕರೆಯುತ್ತಿದ್ದವಳು ಆವತ್ತಿನಿಂದ ಅವರನ್ನು ‘ರಾಯರೇ’ ಎಂದು ಕರೆಯತೊಡಗಿದೆ. ಅವರಿಗೆ ಅದು ಗೌರವವೆಂದೇ ಅನಿಸಿರಬೇಕು, ಪಾಪ.

ಬಾಲಿಗಂಜ್

ಮೂರನೆಯ ಮಹಡಿಯ ಮನೆ. ಎತ್ತರದ ಸೂರು, ಹಸಿರು ಬಣ್ಣದ ಪಟ್ಟಿಪಟ್ಟಿ ಕಿಟಕಿ ಬಾಗಿಲು, ಕೆಳಗೆ ಟ್ರಾಮಿನ ಗಂಟೆ. ಆ ಊರಿನವರ ಅಭ್ಯಾಸಗಳನ್ನು ನೋಡುವುದಕ್ಕೇ ಒಂದು ಜನ್ಮ ಬೇಕು. ಅಂಥ ಸೆಕೆಯಲ್ಲಿ ಬಿಸಿಬಿಸಿ ಚಹಾ ಕುಡಿಯುತ್ತಾರೆ, ಏಪ್ರಿಲ್ ಮುಗಿಯುವವರೆಗೂ ಬೆಳಿಗ್ಗೆ ಮಕ್ಕಳ ಕಿವಿಗೆ ಗಾಳಿ ತಾಗದಂತೆ ಬಟ್ಟೆ ಕಟ್ಟುತ್ತಾರೆ. ಕೆಳಮನೆಯ ಮಾಧುರಿ ಎಂಬಾಕೆ, ಅವರನ್ನು ಎಲ್ಲರೂ ಬೌದಿ, ಅಂದರೆ ಅತ್ತಿಗೆ, ಎಂದೇ ಕರೆಯುವುದು, ನಾನು ಬಂದ ಸುದ್ದಿ ಕೇಳಿ ಒಂದು ಲೋಟ ಹಿಡಿದುಕೊಂಡು ಮೇಲೆ ಬಂದರು. ಹಸಿ ಮಾವಿನಕಾಯಿಯನ್ನು ಕೆಂಡದಲ್ಲಿ ಸುಟ್ಟು, ಹಿಸುಕಿ, ಉಪ್ಪು ಸಕ್ಕರೆ ಜೀರಿಗೆ ಹಾಕಿದ ಶರಬತ್ತು. ಹೊಗೆಯ ವಾಸನೆಯ ಹುಳಿ. ಅದು ಗಂಟಲಲ್ಲಿ ಇಳಿಯುವಾಗ ಹೌರಾದ ಪೊಲೀಸಿನವನನ್ನು ಕ್ಷಮಿಸಿಬಿಡೋಣ ಅನಿಸಿತು. ನಾನು ಲೋಟ ಎತ್ತಿ ತುಟಿಗೆ ತಾಗಿಸದೆ ಸುರಿದುಕೊಂಡು ಕುಡಿಯುವುದನ್ನು ಬೌದಿ ಸರ್ಕಸ್ ನೋಡುವ ಹಾಗೆ ನೋಡಿದರು.

ನನ್ನ ಚಪ್ಪಲಿ ಇಡಲು ಶಾರದೆಯ ಮನೆಯ ಚಪ್ಪಲಿ ಕಪಾಟು ತೆರೆದಾಗ ಸಂಸಾರದ ಗುಟ್ಟು ಹೊರಬಿತ್ತು. ಮೇಲಿನ ಅಂತಸ್ತಿನಲ್ಲಿ ಬೂಟು, ಕೆಳಗಿನದರಲ್ಲಿ ಬಾಟಲಿಗಳ ಸಾಲು.

“ಇದೆಂತದು ಶಾರದೆ?”

“ಅದು ಜಿನ್ ಅಕ್ಕ. ಅದರ ಪಕ್ಕದ್ದು ರಮ್. ಅಡುಗೆಮನೆಯಲ್ಲಿ ದೇವರಿದ್ದಾನಲ್ಲ, ಅದಕ್ಕೆ ಇಲ್ಲಿ ಇಟ್ಟದ್ದು.”

ನಾನು ಆ ಮಧ್ಯಾಹ್ನ ಊಟ ಮಾಡಲಿಲ್ಲ. ಅಪ್ಪ ಕೇಳಿದರೆ ಏನೆನ್ನುತ್ತಿದ್ದರು, ಅಜ್ಜಿ ಬದುಕಿದ್ದರೆ ಏನೆನ್ನುತ್ತಿದ್ದಳು ಎಂದು ಅವಳ ಮುಂದೆ ಕೂತು ಸರದಿಯ ಮೇಲೆ ಎಲ್ಲ ಹಿರಿಯರನ್ನೂ ಎಬ್ಬಿಸಿದೆ. ಮುಗಿದ ಮೇಲೆ, ಒಂದು ತೊಟ್ಟೂ ನನ್ನ ನಾಲಗೆಗೆ ತಾಗಿಲ್ಲ ಅಕ್ಕ, ಬೇಕಾದರೆ ದೇವರ ಮುಂದೆ ದೀಪ ಮುಟ್ಟಿ ಹೇಳುತ್ತೇನೆ, ಆದರೆ ಮಾಡುವುದು ನಾನೇ, ಎಂದಳು.

ನಡೆದದ್ದು ಹೀಗೆ. ಕಂಪನಿಯ ಅಧಿಕಾರಿಗಳು ಶನಿವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಕುಡಿಯುವ ರೂಢಿ. ಮೊದಲ ಸಲ ಇವರ ಸರದಿ ಬಂದಾಗ ರಾಯರು ಅಂಗಡಿಯ ಸ್ಕ್ವಾಷಿಗೆ ಜಿನ್ ಸುರಿದು ಕೊಟ್ಟರು. ಯಾರಿಗೂ ಗಂಟಲಲ್ಲಿ ಇಳಿಯಲಿಲ್ಲ. ಶಾರದೆ ಪರದೆಯ ಸಂದಿನಿಂದ ಆ ಮುಖಗಳನ್ನು ನೋಡಿದಳು. ಮನೆಗೆ ಬಂದವರು ಮುಖ ಕಿವಿಚಿಕೊಂಡು ಕುಡಿಯುವುದನ್ನು ಅವಳಿಗೆ ಸಹಿಸಲಾಗಲಿಲ್ಲ. ಅವಳು ನಮ್ಮ ಅಮ್ಮನ ಮಗಳು. ಮುಂದಿನ ಸಲಕ್ಕೆ ಪುನರ್ಪುಳಿ ನೆನೆಸಿ ಹಿಂಡಿ, ಸಕ್ಕರೆ ಪಾಕ ಹಾಕಿ, ಅದಕ್ಕೆ ಜಿನ್ ಬೆರೆಸಿ, ಅಲ್ಲಿ ಸಿಗುವ ಪರಿಮಳದ ಗಂಧರಾಜ ನಿಂಬೆ ಹಿಂಡಿ, ಅದರ ಎಲೆಯನ್ನು ಹರಿದು ತೇಲಿಸಿ, ಐಸು ಹಾಕಿದ ಮೇಲೆ ಕಡೆಗೊಂದು ಚಿಟಿಕೆ ಉಪ್ಪು ಹಾಕಿದಳು. ಅದು ಬಂದವರ ಮನ ಗೆದ್ದಿತು. ಆಮೇಲೆ ಬೆಲ್ಲ, ಶುಂಠಿ, ಮೆಣಸು, ಏಲಕ್ಕಿಯ ಪಾನಕಕ್ಕೆ ರಮ್. ರಾಮನವಮಿಯ ಪಾನಕಕ್ಕೆ ರಮ್ಮೇ, ಎಂದು ನಾನು ತಲೆ ಚಚ್ಚಿಕೊಂಡೆ. ರಾಮನವಮಿಯ ದಿನ ಅದನ್ನು ಮಾಡುವುದಿಲ್ಲ ಅಕ್ಕ, ಎಂದಳು.

ರುಚಿ ನೋಡದವಳಿಗೆ ಹದ ಹೇಗೆ ಗೊತ್ತಾಗುತ್ತದೆ ಎಂದು ನೀವು ಕೇಳಬಹುದು. ಬೌದಿಯೂ ಕೇಳಿದ್ದರಂತೆ. ನಮ್ಮ ಅಮ್ಮ ಸಾರಿನ ಉಪ್ಪನ್ನು ನಾಲಗೆಗೆ ಹಚ್ಚಿ ನೋಡಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ದೇವರಿಗಿಡುವ ಮೊದಲು ರುಚಿ ನೋಡಿದರೆ ಅಡುಗೆಯೆಲ್ಲ ಎಂಜಲು. ಹಾಗಾಗಿ ನಮ್ಮಲ್ಲಿ ಅಡುಗೆ ಮಾಡುವವರಿಗೆ ನಾಲಗೆಯ ಕೆಲಸವನ್ನೆಲ್ಲ ಮೂಗು ಮಾಡುತ್ತದೆ. ಶಾರದೆ ಒಂದು ಹನಿಯನ್ನು ಅಂಗೈಗೆ ಬಿಟ್ಟುಕೊಂಡು, ಇನ್ನೊಂದು ಅಂಗೈಯಿಂದ ಉಜ್ಜಿ ಮೂಸುತ್ತಾಳೆ. ಹುಳಿ ಮುಂದೆ ಬಂತೋ ಸಿಹಿ ಮುಂದೆ ಬಂತೋ ಅವಳಿಗೆ ತಿಳಿಯುತ್ತದೆ. ಉಪ್ಪಿಗೆ ವಾಸನೆಯಿಲ್ಲವಲ್ಲ ಎಂದೆ. ಉಪ್ಪು ಬಿದ್ದ ಮೇಲೆ ಎಲೆಯ ವಾಸನೆ ಎದ್ದು ನಿಲ್ಲುತ್ತದೆ, ಅದರಿಂದ ತಿಳಿಯುವುದು, ಎಂದಳು. ಹೇಳುವಾಗ ಅವಳ ಮುಖ ನೋಡಬೇಕಿತ್ತು. ಮದುವೆಯಾದ ಮೇಲೆ ಅವಳು ಅಷ್ಟು ಬೆಳಗಿದ್ದನ್ನು ನಾನು ನೋಡಿರಲಿಲ್ಲ.

ನನ್ನ ಸಿಟ್ಟು ಅರ್ಧ ಇಳಿಯಿತು. ಉಳಿದ ಅರ್ಧವನ್ನು ಕಾದಿಟ್ಟದ್ದು ಒಳ್ಳೆಯದೇ ಆಯಿತು.

ಶನಿವಾರದ ಸಂಜೆ

ಆ ವಾರ ಸರದಿ ಇವರದೇ. ಬೆಳಿಗ್ಗೆಯೇ ಐಸಿನ ಗಟ್ಟಿ ಬಂತು. ಕರೆಂಟನ್ನು ನಂಬಿ ಫ್ರಿಜ್ಜಿನಲ್ಲಿ ಐಸು ಮಾಡುವ ಧೈರ್ಯ ಕಲ್ಕತ್ತೆಯಲ್ಲಿ ಯಾರಿಗೂ ಇರಲಿಲ್ಲ. ಅದನ್ನು ಗೋಣಿಯಲ್ಲಿ ಸುತ್ತಿ ಮರದ ಹೊಟ್ಟಿನಲ್ಲಿ ಹೂತಿಟ್ಟೆವು. ಮಧ್ಯಾಹ್ನದಿಂದ ನಾವಿಬ್ಬರೂ ಅಡುಗೆಮನೆಯಲ್ಲಿ, ದೇವರ ಗೂಡಿಗೆ ಬಟ್ಟೆ ಇಳಿಬಿಟ್ಟು. ಅಡುಗೆಮನೆಗೂ ನಡುಮನೆಗೂ ನಡುವೆ ದಪ್ಪ ಪರದೆ.

ಸಾಹೇಬರುಗಳು ಬಂದರು. ಬಂಗಾಲಿಗಳು, ಒಬ್ಬರು ಪಂಜಾಬಿನವರು, ಮತ್ತೆ ಎಲ್ಲರಿಗಿಂತ ಮೇಲಿನ ಒಬ್ಬ ದೊಡ್ಡ ಸಾಹೇಬರು. ಶಾರದೆ ಒಳಗೆ ಜಗ್ಗಿನಲ್ಲಿ ಬೆರೆಸಿ, ಮೂಸಿ, ಎಲೆ ಹರಿದು, ಪರದೆಯ ಕೆಳಗಿನಿಂದ ದಾಟಿಸುವಳು. ಆಚೆ ರಾಯರು ಕೋಟು ತೆಗೆದು ತೋಳು ಮಡಚಿ, ಕಂಚಿನ ಹಾಗೆ ಹೊಳೆಯುವ ಒಂದು ಮುಚ್ಚಳದ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಗಡಗಡ ಕುಲುಕುತ್ತಿದ್ದರು. ನಾನು ಸಂದಿನಿಂದ ನೋಡಿದೆ. ಆ ಪಾತ್ರೆಯಲ್ಲಿ ಇದ್ದದ್ದು ಐಸು, ಸ್ವಲ್ಪ ನೀರು. ಬೇರೇನೂ ಇಲ್ಲ. ಕುಲುಕಿ ಮುಗಿಸಿ, ಬೆನ್ನು ತಿರುಗಿಸಿ, ಶಾರದೆಯ ಜಗ್ಗಿನಿಂದ ಗ್ಲಾಸುಗಳಿಗೆ ಹೊಯ್ದು ತಿರುಗುತ್ತಿದ್ದರು.

ಎಲ್ಲರೂ ಹೊಗಳುವುದು ರಾಯರನ್ನು. ನಿನ್ನ ಕೈಯಲ್ಲಿ ಜಾದು ಇದೆ ಎಂದರು ಒಬ್ಬರು. ಎಲ್ಲಿ ಕಲಿತೆ ಎಂದರು ಇನ್ನೊಬ್ಬರು. ರಾಯರು ನಗುತ್ತಾ, ಇಂಥದ್ದನ್ನೆಲ್ಲ ಹೇಳಿಕೊಡಲಾಗುವುದಿಲ್ಲ ಎಂದರು. ಅದಂತೂ ನಿಜವೇ.

ಆಗ ದೊಡ್ಡ ಸಾಹೇಬರು ಒಂದು ಮಾತು ತೆಗೆದರು. ಅವರ ಕಂಪನಿಯ ಕ್ಲಬ್ಬಿನಲ್ಲಿ ಪ್ರತಿ ಬೇಸಿಗೆಗೆ ಒಂದು ಪಾನೀಯವನ್ನು ಆರಿಸುತ್ತಾರೆ. ಮಾಡಿದವನ ಹೆಸರನ್ನೇ ಅದಕ್ಕೆ ಇಟ್ಟು, ಬಾರಿನ ಗೋಡೆಯ ಹಲಗೆಯ ಮೇಲೆ ಬಣ್ಣದಲ್ಲಿ ಬರೆಸುತ್ತಾರೆ. ಮಳೆ ಬರುವವರೆಗೆ ಕ್ಲಬ್ಬಿಗೆ ಬಂದವರೆಲ್ಲ ಆ ಹೆಸರು ಹೇಳಿಯೇ ಕೇಳಿ ಕುಡಿಯುವುದು. ಮುಂದಿನ ಶನಿವಾರ ಕ್ಲಬ್ಬಿಗೆ ಬಂದು ಎಲ್ಲರೆದುರು ಈ ಕೆಂಪು ಪಾನೀಯವನ್ನು ಮಾಡು ರಾವ್, ಈ ವರ್ಷದ ಹೆಸರು ನಿನ್ನದೇ, ಎಂದರು. ರಾಯರು ತಲೆಬಾಗಿ ಒಪ್ಪಿಕೊಂಡರು.

ನಾನು ಶಾರದೆಯ ಕಡೆ ನೋಡಿದೆ. ಅವಳ ಕೈಯಲ್ಲಿ ಅರ್ಧ ಹರಿದ ಎಲೆ ಹಾಗೆಯೇ ಇತ್ತು.

ಅವರೆಲ್ಲ ಹೋದ ಮೇಲೆ ನಾನು ಬಾಯಿ ತೆರೆಯುವ ಮೊದಲೇ ಅವಳು ಗಂಡನನ್ನು ಮೆಲ್ಲಗೆ ಕೇಳಿದಳು, ನಾನು ಮಾಡುವುದು ಎಂದು ಹೇಳಿದರೆ ಏನಾಗುತ್ತದೆ? ರಾಯರು ಟೈ ಬಿಚ್ಚುತ್ತಾ ಹೇಳಿದ ಉತ್ತರ ನನಗೆ ಇವತ್ತಿಗೂ ಅಕ್ಷರ ಅಕ್ಷರ ನೆನಪಿದೆ.

“ನಾನು ಹೋಟೆಲಿನವನ ಮಗ ಅಂತ ಅವರು ಮರೆತಿದ್ದಾರೆ. ನೀನು ಅಡುಗೆಮನೆಯಿಂದ ಹೊರಗೆ ಬಂದು ಅದನ್ನು ನೆನಪಿಸಬೇಡ.”

ಸಿಯಾಲ್ದಾ

ರಾಯರ ತಂದೆ ಉಡುಪಿಯ ಕಡೆಯಿಂದ ಹೋಗಿ ಸಿಯಾಲ್ದಾ ಸ್ಟೇಷನ್ನಿನ ಹತ್ತಿರ ಸಣ್ಣ ಹೋಟೆಲು ಇಟ್ಟವರು. ಇಡ್ಲಿ, ಸಾಂಬಾರು, ಬೇಸಿಗೆಯಲ್ಲಿ ನೀರುಮಜ್ಜಿಗೆ. ಆ ಹೋಟೆಲಿನ ಅನ್ನದಲ್ಲೇ ಮಗ ಓದಿದ್ದು. ಈಗ ಬೇರೆಯವರು ನಡೆಸುತ್ತಾರೆ. ನಾವು ಅಕ್ಕತಂಗಿಯರು ಗಂಧರಾಜ ನಿಂಬೆ ತರಲು ಸೋಮವಾರ ಆ ಕಡೆ ಹೋದಾಗ ಶಾರದೆ ಬೆರಳು ತೋರಿಸಿದಳು, ಅದೇ ಮಾವನ ಹೋಟೆಲು, ಎಂದು. ಬಾಗಿಲಲ್ಲಿ ಹಬೆ, ಒಳಗೆ ಜನವೋ ಜನ. ನನಗಂತೂ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಕಾಣಲಿಲ್ಲ. ಕೂತು ಒಂದು ಪ್ಲೇಟು ಇಡ್ಲಿ ತಿಂದು ಬಂದೆವು. ಸಾಂಬಾರಿಗೆ ಸಕ್ಕರೆ ಹಾಕಿದ್ದರು. ಅದಕ್ಕೂ ಸಿಟ್ಟು ಬಂತು ಅನ್ನಿ.

ಸಿಯಾಲ್ದಾದ ಮಾರುಕಟ್ಟೆಯಲ್ಲಿ ನಿಂತರೆ ಒಂದು ಕಡೆಯಿಂದ ಮೀನಿನ ಬುಟ್ಟಿ ತಾಗುತ್ತದೆ, ಇನ್ನೊಂದು ಕಡೆಯಿಂದ ಮನುಷ್ಯರು. ನಿಂಬೆ ಮಾರುವ ಮುದುಕಿಯ ಮುಂದೆ ಕೂತು ಶಾರದೆ ಒಂದೊಂದೇ ಹಣ್ಣನ್ನು ಎತ್ತಿ ಮೂಸಿದಳು. ಅಲ್ಲಿಯ ಗಿರಾಕಿಗಳು ಉಗುರಿನಿಂದ ಸಿಪ್ಪೆ ಗೀರಿ ನೋಡುತ್ತಾರೆ, ಮುದುಕಿ ಅವರ ಕೈಗೆ ಹೊಡೆಯುತ್ತಾಳೆ. ನನ್ನ ಕೈಗೂ ಒಂದು ಬಿತ್ತು. ಶಾರದೆ ಬಂಗಾಲಿಯಲ್ಲಿ ಅವಳೊಂದಿಗೆ ಜಗಳವಾಡಿ, ನಕ್ಕು, ಎಲೆಗಳ ಒಂದು ಕಂತೆಯನ್ನು ಸುಮ್ಮನೆ ಹಾಕಿಸಿಕೊಂಡಳು.

ಬರುವಾಗ ಟ್ರಾಮಿನಲ್ಲಿ ನಾನು ಬೈದೆ. ಬಾಯಿ ಇಲ್ಲವೇ ನಿನಗೆ, ಗಂಟಲಿಗೆ ಏನು ತುಂಬಿಕೊಂಡಿದ್ದೀ, ಎಂದೆಲ್ಲ. ಅವಳು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು:

“ಈ ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಯಾರಿದ್ದಾರೆ ಅಕ್ಕ? ಕೆಳಗಿನಿಂದ ಮೇಲಿನವರೆಗೆ ಎಲ್ಲರಿಗೂ ನಾನು ಮಿಸೆಸ್ ರಾವ್. ಹಲಗೆಯ ಮೇಲೆ ರಾವ್ ಅಂತ ಬರೆದರೆ ಅದು ಅವರು. ನಾನು ಶಾರದೆ. ಒಂದು ಬೇಸಿಗೆ ನನ್ನ ಹೆಸರು ಹೇಳಿ ನಾಲ್ಕು ಜನ ಬಾಯಾರಿಕೆ ಕಳೆದುಕೊಳ್ಳಲಿ ಅಂತ ಆಸೆಯಾಯಿತು. ಅಷ್ಟೆ.”

 

ಮತ್ತೆ ಬಾಲಿಗಂಜ್

ಆ ವಾರವಿಡೀ ರಾಯರು ಆಫೀಸಿನಿಂದ ಬಂದವರೇ ಶಾರದೆಯ ಹತ್ತಿರ ಪಾಠಕ್ಕೆ ಕೂರುತ್ತಿದ್ದರು. ಅವಳು ಹೇಳಿಕೊಟ್ಟಳು, ಏನನ್ನೂ ಮುಚ್ಚಿಡಲಿಲ್ಲ. ಅದಕ್ಕೂ ನನಗೆ ಸಿಟ್ಟು. ಕಲಿಸುವವಳ ಮೇಲೋ ಕಲಿಯುವವರ ಮೇಲೋ ಎಂದು ಕೇಳಬೇಡಿ.

ಆದರೆ ರಾಯರಿಗೆ ಬರಲಿಲ್ಲ. ಯಾಕೆಂದರೆ ಅವರು ಪ್ರತಿಯೊಂದನ್ನೂ ಕುಡಿದು ನೋಡುತ್ತಿದ್ದರು. ಸಾಹೇಬರುಗಳು ಹಾಗೆಯೇ ಮಾಡುವುದಂತೆ, ಚಮಚದಲ್ಲಿ ತೆಗೆದು, ಬಾಯಲ್ಲಿ ಆಡಿಸಿ. ಪುನರ್ಪುಳಿಯ ಹುಳಿಗೆ ನಾಲಗೆ ಮರಗಟ್ಟುತ್ತದೆ. ಅದರ ಮೇಲೆ ಜಿನ್ ಬೇರೆ. ಎರಡು ಚಮಚ ಒಳಗೆ ಹೋಗುತ್ತಲೇ ಸಿಹಿ ಸಾಲದು ಎಂದು ಸಕ್ಕರೆ ಹಾಕುವರು, ಆಮೇಲೆ ಹುಳಿ ಸಾಲದು ಎಂದು ನಿಂಬೆ ಹಿಂಡುವರು, ಆಮೇಲೆ ಮತ್ತೆ ಸಕ್ಕರೆ. ಕೊನೆಗೆ ಕಣ್ಣು ಕೆಂಪು, ಜಗ್ಗಿನಲ್ಲಿ ಪಾಕ. ಎಲೆಯನ್ನು ಹರಿಯಬೇಕು, ಜಜ್ಜಿದರೆ ಕಹಿ ಎಂದು ಅವಳು ಹೇಳಿದರೆ, ಇಂಗ್ಲಿಷ್ ಪುಸ್ತಕದಲ್ಲಿ ಜಜ್ಜಲು ಹೇಳಿದ್ದಾರೆ ಎಂದು ವಾದ.

ನಾನು ಒಂದು ದಿನ ತಡೆಯಲಾರದೆ, ರಾಯರೇ, ನಿಮ್ಮ ತಂದೆಯವರ ಹೋಟೆಲಿನಲ್ಲಿ ಭಟ್ಟರು ಸಾಂಬಾರಿಗೆ ಬಾಯಿ ಹಾಕಿ ನೋಡುತ್ತಿದ್ದರೇ ಎಂದು ಕೇಳಿದೆ. ಅಷ್ಟರಲ್ಲಿ ಕರೆಂಟು ಹೋಯಿತು; ಅದು ಅವರ ಪುಣ್ಯ.

ಕ್ಲಬ್ಬು

ಶನಿವಾರ ಸಂಜೆ ಟ್ಯಾಕ್ಸಿಯಲ್ಲಿ ಹೋದೆವು. ನದಿಯ ಕಡೆ ಮುಖ ಮಾಡಿದ ಹಳೆಯ ಬಂಗಲೆ, ಬಿಳಿಯ ಕಂಬಗಳು, ಉದ್ದನೆಯ ಜಗಲಿ. ಅಲ್ಲಿ ನನಗೆ ತಿಳಿದ ಸಂಗತಿ ಕೇಳಿ: ಬಾರಿನ ಕೋಣೆಗೆ ಹೆಂಗಸರಿಗೆ ಪ್ರವೇಶವಿಲ್ಲ. ಹೊಸ್ತಿಲಿಗೆ ಒಂದು ಹಿತ್ತಾಳೆಯ ಪಟ್ಟಿ ಬಡಿದಿದ್ದಾರೆ, ಅದರಿಂದ ಆಚೆ ಗಂಡಸರು, ಈಚೆಯ ಜಗಲಿಯಲ್ಲಿ ಬೆತ್ತದ ಕುರ್ಚಿಗಳಲ್ಲಿ ಅವರ ಹೆಂಡಂದಿರು. ಬಿಳಿಯರು ಮಾಡಿಟ್ಟು ಹೋದ ನಿಯಮ. ಮಾಡಿದವರು ಹಡಗು ಹತ್ತಿ ಎಷ್ಟೋ ಕಾಲವಾಯಿತು, ನಮ್ಮವರು ಆ ಪಟ್ಟಿಯನ್ನು ದಿನಾ ಹುಣಸೆಹುಳಿ ಹಾಕಿ ಉಜ್ಜಿ ಹೊಳೆಸುತ್ತಿದ್ದಾರೆ. ನಮ್ಮೂರಿನಲ್ಲಿ ಅಡುಗೆಮನೆಯ ಹೊಸ್ತಿಲು ದಾಟಬೇಡಿ ಎಂದು ಗಂಡಸರಿಗೆ ಹೇಳುವ ಹೆಂಗಸರನ್ನು ಕಂಡಿದ್ದೇನೆ. ಹೆಂಗಸಿನ ಕೈಯ ಅಡುಗೆಯನ್ನು ಒಳಗೆ ಬಿಟ್ಟುಕೊಂಡು ಹೆಂಗಸನ್ನು ಹೊರಗೆ ಕೂರಿಸುವ ಮಡಿಯನ್ನು ಅಲ್ಲಿಯೇ ಕಂಡದ್ದು.

ಪುನರ್ಪುಳಿ ರಸ, ಪಾಕ, ಎಲೆ, ನಿಂಬೆ, ಉಪ್ಪು ಎಲ್ಲವನ್ನೂ ಶಾರದೆಯೇ ಬುಟ್ಟಿಗೆ ತುಂಬಿ ಕೊಟ್ಟಿದ್ದಳು. ರಾಯರು ಬುಟ್ಟಿಯೊಂದಿಗೆ ಒಳಗೆ ಹೋದರು. ಕುಲುಕುವ ಗಡಗಡ ಕೇಳಿಸಿತು. ಕುಟ್ಟುವ ಸದ್ದೂ ಕೇಳಿಸಿತು. ಎಲೆ ಜಜ್ಜುತ್ತಿದ್ದಾರೆ, ಎಂದಳು ಶಾರದೆ, ನೆಟ್ಟಗೆ ಕೂತು.

ಹೊತ್ತಾಯಿತು. ಒಳಗಿನ ನಗು ಸಣ್ಣದಾಯಿತು. ರುಮಾಲು ಕಟ್ಟಿದ ಒಬ್ಬ ಮುದುಕ ಬೇರರ್ ಒಂದು ಜಗ್ಗು ಹಿಡಿದುಕೊಂಡು ಬಂದು, ಬಗ್ಗಿ, ಮೇಮ್‌ಸಾಬ್, ಇದಕ್ಕೆ ಏನು ಕಡಮೆಯಾಗಿದೆ ಎಂದು ರಾವ್ ಸಾಹೇಬರು ಕೇಳಿದ್ದಾರೆ, ಎಂದ. ಅಕ್ಕಪಕ್ಕದ ಕುರ್ಚಿಗಳವರು ಕತ್ತು ತಿರುಗಿಸಿದರು. ಶಾರದೆ ಒಂದು ಹನಿ ಅಂಗೈಗೆ ಹಾಕಿಕೊಂಡಳು, ಉಜ್ಜಿದಳು, ಮೂಸಿದಳು. ಏನು ಕಡಮೆ ಎಂದು ಅವಳಿಗೆ ತಿಳಿಯಿತು. ಅವಳಿಗೆ ತಿಳಿಯಿತೆಂದು ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು. ಇಷ್ಟು ವರ್ಷದ ಅಭ್ಯಾಸ, ಕೈ ತಾನಾಗಿಯೇ ಸರಿಮಾಡಲು ಹೊರಡುತ್ತದೆ. ಸರಿಮಾಡಿ ಕೊಟ್ಟರೆ ಒಳಗೆ ಇನ್ನೊಬ್ಬರ ಹೆಸರು ಗೋಡೆಗೆ ಏರುತ್ತದೆ. ಅವಳು ಜಗ್ಗನ್ನು ಬೇರರನ ಕೈಗೆ ವಾಪಸು ಕೊಟ್ಟಳು.

“ಮಾಡಿದವರನ್ನೇ ಕೇಳು,” ಎಂದಳು ಹಿಂದಿಯಲ್ಲಿ.

ಬೇರರ್ ಹೋದ. ಸ್ವಲ್ಪ ಹೊತ್ತಿಗೆ ರಾಯರೇ ಹೊಸ್ತಿಲಿಗೆ ಬಂದರು. ತೋಳು ಮಡಚಿದ ಬಿಳಿ ಅಂಗಿಯ ಮೇಲೆ ಕೆಂಪು ಕಲೆಗಳು. ಅವರ ಹಿಂದೆ ದೊಡ್ಡ ಸಾಹೇಬರೂ ಇನ್ನೂ ಮೂರು ನಾಲ್ಕು ಜನ ಗ್ಲಾಸು ಹಿಡಿದು ನಿಂತಿದ್ದರು. ರಾಯರು ನಗುಮುಖ ಇಟ್ಟುಕೊಂಡೇ ಕನ್ನಡದಲ್ಲಿ ಬೇಡಿಕೊಂಡರು. ಮಾತಿನ ಅರ್ಥ ಯಾರಿಗೂ ತಿಳಿಯಬಾರದು, ದನಿ ಮಾತ್ರ ಗಂಡಹೆಂಡಿರ ಸರಸದ ಹಾಗೆ ಕೇಳಬೇಕು.

“ಶಾರದೆ, ಮರ್ಯಾದೆ ತೆಗೀಬೇಡ. ಎಲ್ಲ ನಿನ್ನದೇ ಕೈಗುಣ ಅಂತ ನನಗೆ ಗೊತ್ತಿಲ್ವಾ? ಒಪ್ಪಿದೆ, ಆಯ್ತಾ?”

“ನಿಮಗೆ ಗೊತ್ತುಂಟು, ನನಗೂ ಗೊತ್ತುಂಟು. ಅವರಿಗೆ ಇಂಗ್ಲಿಷಿನಲ್ಲಿ ಹೇಳಿ.”

ಸೆಕೆಯೋ ಭಯವೋ, ರಾಯರ ಹಣೆಯಿಂದ ಬೆವರು ಇಳಿಯಿತು. ಅವರು ನನ್ನ ಕಡೆ ನೋಡಿದರು. ನಾನು ಹೌರಾದ ಕಂಬವನ್ನು ನೆನೆದುಕೊಂಡು ನದಿಯ ಕಡೆ ನೋಡಿದೆ. ಕೊನೆಗೆ ರಾಯರು ಒಳಗಿನವರ ಕಡೆ ತಿರುಗಿ ಹೇಳಿದರು. ಇದು ನನ್ನದಲ್ಲ, ಯಾವತ್ತೂ ನನ್ನದಾಗಿರಲಿಲ್ಲ, ಮನೆಯಲ್ಲಿ ಮಾಡುತ್ತಿದ್ದದ್ದು ನನ್ನ ಹೆಂಡತಿ, ಎಂದು. ಹೇಳಿದರು, ಸುಳ್ಳೇಕೆ ಹೇಳಲಿ.

ಒಳಗಿನವರು ಏನು ಮಾಡಿದರು ಗೊತ್ತೇ? ನಕ್ಕರು. ಹೆಂಡತಿಗೆ ಹೆದರುವ ಗಂಡ ಎಂದು ಒಬ್ಬರು ಬೆನ್ನು ತಟ್ಟಿದರು. ಎಷ್ಟು ದೊಡ್ಡ ಮನಸ್ಸು ರಾವ್ ನಿನ್ನದು ಎಂದರು ದೊಡ್ಡ ಸಾಹೇಬರು. ಕಡೆಗೂ ಬಾಯಿಬಿಟ್ಟ ನಿಜವನ್ನು ಅವರು ಸೌಜನ್ಯ ಎಂದು ಎಣಿಸಿ ಇವರ ಖಾತೆಗೇ ಜಮಾ ಮಾಡಿಬಿಟ್ಟರು. ಆ ಕ್ಷಣ ನನಗೆ ಬಂದ ಸಿಟ್ಟಿನಲ್ಲಿ ಆ ಊರಿನ ಐಸೆಲ್ಲ ಕರಗಬೇಕಿತ್ತು.

ಶಾರದೆ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು, ನಮ್ಮ ಅಮ್ಮ ಒಲೆಯ ಮುಂದೆ ನಿಲ್ಲುವ ಮೊದಲು ಮಾಡುತ್ತಿದ್ದ ಹಾಗೆ. ನಡೆದು ಹೋಗಿ ಹಿತ್ತಾಳೆಯ ಪಟ್ಟಿಯನ್ನು ದಾಟಿದಳು. ನಗು ಅಲ್ಲಿಗೇ ನಿಂತಿತು. ನಾನೂ ಹಿಂದೆಯೇ ಹೊರಟೆ. ಸೂಟು ಹಾಕಿದ ಒಬ್ಬ ಕ್ಲಬ್ಬಿನ ಮನುಷ್ಯ ಅಡ್ಡ ಬಂದು ಲೇಡೀಸ್ ಲೇಡೀಸ್ ಎಂದ. ದಾರಿ ಬಿಡಿ ಸ್ವಾಮಿ, ತಾವು ದೊಡ್ಡವರು, ಎಂದು ಅಜ್ಜಿಯ ದನಿಯಲ್ಲಿ ಕನ್ನಡದಲ್ಲೇ ಹೇಳಿದೆ. ಅರ್ಥವಾಗದಿದ್ದರೂ ದಾರಿ ಬಿಟ್ಟ.

ಮೇಜಿನ ಮೇಲಿನ ಜಗ್ಗನ್ನು ಶಾರದೆ ಬಚ್ಚಲಿಗೆ ಸುರಿದಳು. ಹೊಸ ಜಗ್ಗು ತೆಗೆದುಕೊಂಡಳು. ರಸ, ಪಾಕ, ನಿಂಬೆ, ಬಾಟಲಿ. ಒಂದು ಹನಿ ಅಂಗೈಗೆ, ಉಜ್ಜಿ ಮೂಗಿಗೆ. ಅಷ್ಟು ಗಂಡಸರು ಬಾಯಿ ಮುಚ್ಚಿ ಒಬ್ಬ ಹೆಂಗಸಿನ ಅಂಗೈ ನೋಡುವುದನ್ನು ನಾನು ಮದುವೆ ಮನೆಯ ಧಾರೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿಲ್ಲ. ರುಚಿ ನೋಡುವುದಿಲ್ಲವೇ ಎಂದು ಪಂಜಾಬಿನವರು ಕೇಳಿದರು. ನಾನು ಕುಡಿಯುವುದಿಲ್ಲ, ಎಂದಳು. ಎಲೆ ಹರಿದಳು. ಐಸು. ಕಡೆಗೆ ಉಪ್ಪು. ಗ್ಲಾಸಿಗೆ ಹೊಯ್ದು ಮೊದಲನೆಯದನ್ನು ದೊಡ್ಡ ಸಾಹೇಬರಿಗೆ ಕೊಟ್ಟಳು.

ಅವರು ಕುಡಿದರು. ಗ್ಲಾಸನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಎಷ್ಟೋ ಶನಿವಾರ ಆ ಮನೆಗೆ ಬಂದು ಕುಡಿದು ಹೋದ ಮನುಷ್ಯ, ಈಗ ರಾಯರ ಕಡೆ ತಿರುಗಿ, ನಿನ್ನ ಹೆಂಡತಿಯ ಹೆಸರೇನು ಎಂದು ಕೇಳಿದರು. ರಾಯರು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು.

“ಶಾರದಾ.”

ಗ್ಲಾಸುಗಳು ಸಾಲಾಗಿ ಮುಂದೆ ಬಂದವು. ಒಂದು ಜಗ್ಗು ಎಲ್ಲಿಗೆ ಸಾಕು? ಶಾರದೆ ಇನ್ನೊಂದನ್ನು ಎಳೆದುಕೊಂಡು, ಗಂಡನ ಮುಂದೆ ಬುಟ್ಟಿಯನ್ನು ಸರಿಸಿ, ಅಲ್ಲಿದ್ದವರಿಗೆಲ್ಲ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಅವರಿಗೆ ನಿಂಬೆ ಹಿಂಡಲು ಹೇಳಿದಳು. ಹೋಟೆಲಿನವರ ಮಗ ಹಿಂಡಿದರು. ಅದನ್ನೂ ಬೀಜ ತೆಗೆಯದೆ.